ಹಳೆಯ ಚೈನ್‌ಸಾಗೆ ಹೊಸ ಪೆಟ್ರೋಲ್ ಪೈಪ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಮೂವತ್ತು ನಲವತ್ತು ವರ್ಷ ಹಳೆಯ ಚೈನ್‌ಸಾಗಳಲ್ಲಿ ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ, ಕೈಕೊಡುವುದು ರಬ್ಬರ್. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪೆಟ್ರೋಲ್ ಪೈಪ್ ಬಗ್ಗೆಯೇ ಇದ್ದುದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮಲ್ಲಿ ಸ್ಟಿಲ್ 041 ಇದೆ, ಕಂಪ್ರೆಷನ್ ಚೆನ್ನಾಗಿದೆ. ಟ್ಯಾಂಕಿನ ಒಳಗಿನ ಪೈಪ್ ಮಾತ್ರ ಅಂಟಂಟಾಗಿ, ಮುಟ್ಟಿದರೆ ಕಿತ್ತುಬರುತ್ತದೆ. ಈ ಮಾಡೆಲ್‌ಗೆ ಸ್ಪೇರ್ ಬರುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಬೈಕಿನ ಪೆಟ್ರೋಲ್ ಪೈಪ್ ಹಾಕಬಹುದೇ? — ಕೊಪ್ಪದಿಂದ ಒಬ್ಬ ಓದುಗರು

ಬೇಡ. ಬೈಕಿನಲ್ಲಿ ಟ್ಯಾಂಕ್ ಮೇಲಿರುತ್ತದೆ, ಪೆಟ್ರೋಲ್ ತಾನಾಗಿ ಇಳಿಯುತ್ತದೆ, ಪೈಪ್ ಅಲುಗಾಡದೆ ಕೂತಿದ್ದರೆ ಸಾಕು. ಚೈನ್‌ಸಾದಲ್ಲಿ ಹಾಗಲ್ಲ. ಕಾರ್ಬೊರೇಟರ್ ಒಳಗಿನ ಪಂಪ್ ಡಯಾಫ್ರಾಮ್ (ಅದುರುವ ತೆಳು ಪೊರೆ) ಪೆಟ್ರೋಲನ್ನು ಎಳೆದುಕೊಳ್ಳಬೇಕು. ಯಂತ್ರ ಓರೆಯಾದರೂ ಮೂತಿ ಕೆಳಗಾದರೂ ಪೈಪಿನ ತುದಿಯ ಫಿಲ್ಟರ್ ಪೆಟ್ರೋಲ್ ಇರುವ ಕಡೆಗೇ ಜಾರಿ ಬೀಳಬೇಕು. ಬೈಕಿನ ಪೈಪಿಗೆ ಅಷ್ಟು ಮೆದುತನ ಇಲ್ಲ, ಒಳಗಿನ ರಂಧ್ರವೂ 5–6 ಮಿ.ಮೀ. ಇರುವುದರಿಂದ ನಿಪ್ಪಲ್ (ಪೈಪ್ ಸಿಕ್ಕಿಸುವ ಮೂತಿ) ಮೇಲೆ ಸಡಿಲವಾಗುತ್ತದೆ. ಕ್ಲಿಪ್ ಹಾಕಿ ಬಿಗಿದರೆ ಪೆಟ್ರೋಲ್ ಸೋರುವುದು ನಿಲ್ಲಬಹುದು, ಗಾಳಿ ಒಳಗೆ ಹೋಗುವುದು ನಿಲ್ಲುವುದಿಲ್ಲ.

ಹಳೆಯ ಪೈಪನ್ನು ಅಳೆದು ಅದೇ ಅಳತೆಯದನ್ನು ತರಲು ಹೋಗಬೇಡಿ. ಪೆಟ್ರೋಲ್ ಕುಡಿದು ಉಬ್ಬಿದ ಪೈಪಿನ ಅಳತೆಯನ್ನು ನಂಬುವಂತಿಲ್ಲ. ವರ್ನಿಯರ್ ಹಿಡಿದು ಲೋಹದ ಭಾಗಗಳನ್ನು ಅಳೆಯಿರಿ: ಕಾರ್ಬೊರೇಟರ್ ನಿಪ್ಪಲ್‌ನ ಹೊರ ವ್ಯಾಸ, ಫಿಲ್ಟರ್ ನಿಪ್ಪಲ್‌ನ ಹೊರ ವ್ಯಾಸ, ಟ್ಯಾಂಕಿನ ರಂಧ್ರ. ಪೈಪಿನ ಒಳ ವ್ಯಾಸ ನಿಪ್ಪಲ್‌ಗಿಂತ ಸುಮಾರು ಶೇ. 15ರಿಂದ 25 ಕಡಿಮೆ ಇರಬೇಕು. ನಿಪ್ಪಲ್ 4 ಮಿ.ಮೀ. ಇದ್ದರೆ 3.2 ಒಳ ವ್ಯಾಸದ ಪೈಪ್, 5.5–6 ಇದ್ದರೆ 4.8ರದು. ಚೈನ್‌ಸಾ ಪೈಪುಗಳು ಇಂಚಿನ ಲೆಕ್ಕದಲ್ಲಿ ಬರುವುದೇ ಹೆಚ್ಚು. ಸಾಮಾನ್ಯವಾಗಿ ಸಿಗುವ ಅಳತೆಗಳು ಒಳಗೆ 2.4 ಹೊರಗೆ 4.8, ಒಳಗೆ 3.2 ಹೊರಗೆ 4.8, ಒಳಗೆ 3.2 ಹೊರಗೆ 6.4, ಒಳಗೆ 4.8 ಹೊರಗೆ 7.9 ಮಿ.ಮೀ.

ಕೆಲವು ಹಳೆಯ ಯಂತ್ರಗಳಲ್ಲಿ ಟ್ಯಾಂಕಿನ ಗೋಡೆಯ ರಂಧ್ರದಲ್ಲಿ ನೇರ ಪೈಪೇ ಬಿಗಿಯಾಗಿ ಕೂತಿರುತ್ತದೆ. ಅಲ್ಲಿ ಪೈಪಿನ ಹೊರ ವ್ಯಾಸ ರಂಧ್ರಕ್ಕಿಂತ 0.3ರಿಂದ 0.5 ಮಿ.ಮೀ. ಹೆಚ್ಚಿರಬೇಕು. ತೂರಿಸುವುದಕ್ಕೆ ಪೈಪಿನ ತುದಿಯನ್ನು 4–5 ಸೆಂ.ಮೀ. ಉದ್ದ ಓರೆಯಾಗಿ ಕತ್ತರಿಸಿ, ಎರಡು ಹನಿ ಟೂ-ಸ್ಟ್ರೋಕ್ ಆಯಿಲ್ ಸವರಿ ಹೊರಗಿನಿಂದ ತೂರಿಸಿ. ಟ್ಯಾಂಕಿನ ಬಾಯಿಯಿಂದ ತುದಿ ಕಂಡೊಡನೆ ಉದ್ದಮೂತಿಯ ಪ್ಲೈಯರ್‌ನಲ್ಲಿ ಹಿಡಿದು ಎಳೆಯಿರಿ. ಓರೆ ಭಾಗ ಪೂರ್ತಿ ಹೊರಬಂದ ಮೇಲೆ ಅದನ್ನು ಕತ್ತರಿಸಿ ಎಸೆದು ಫಿಲ್ಟರ್ ಕೂರಿಸಿ. ಪ್ಲೈಯರ್ ಹಲ್ಲು ಕಚ್ಚಿದ ಭಾಗ ಒಂದಿಷ್ಟೂ ಉಳಿಯಬಾರದು. ಬಿರುಕು ಹುಟ್ಟುವುದು ಆ ಗಾಯದಿಂದಲೇ.

ಉದ್ದ ನೋಡುವ ಬಗೆ: ಯಂತ್ರವನ್ನು ಮೂತಿ ಕೆಳಗೆ, ಬಲಕ್ಕೆ, ಎಡಕ್ಕೆ ಓರೆ ಮಾಡಿ ಅಲ್ಲಾಡಿಸಿ. ಪ್ರತಿ ಸಲವೂ ಫಿಲ್ಟರ್ ಟ್ಯಾಂಕಿನ ಆ ಮೂಲೆಗೆ 'ಟಕ್' ಎಂದು ಬಡಿಯಬೇಕು. ಶಬ್ದ ಬರದಿದ್ದರೆ ಪೈಪ್ ಗಿಡ್ಡವಾಗಿದೆ, ಇಲ್ಲವೇ ಉದ್ದ ಹೆಚ್ಚಾಗಿ ಮಡಚಿ ಸಿಕ್ಕಿಕೊಂಡಿದೆ.

ಯಾವ ಪೈಪ್? ಬ್ರಷ್ ಕಟರ್ ಮಾರುವ ಕೃಷಿ ಯಂತ್ರದ ಅಂಗಡಿಗಳಲ್ಲಿ ಸುರುಳಿಯಿಂದ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಕಪ್ಪು ನೈಟ್ರೈಲ್ ರಬ್ಬರ್ ಪೈಪ್ ಸುಲಭಕ್ಕೆ ಸಿಗುವಂಥದ್ದು, ಕೆಲಸಕ್ಕೂ ಒದಗುತ್ತದೆ. ಟೈಗಾನ್ ಹೆಸರಿನ ಹಳದಿ ಪಾರದರ್ಶಕ ಪೈಪ್ ತುಂಬ ಮೆದು, ಒಳಗೆ ಗುಳ್ಳೆ ಓಡುವುದು ಕಣ್ಣಿಗೆ ಕಾಣುತ್ತದೆ. ಆದರೆ ವರ್ಷಗಳು ಕಳೆದಂತೆ ಗಡುಸಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಎಲ್ಲಕ್ಕಿಂತ ಬಾಳಿಕೆ ಬರುವುದು ವಿಟಾನ್. ಬೆಲೆ ಹೆಚ್ಚು, ಕೈಗಾರಿಕಾ ರಬ್ಬರ್ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಬೇಕು. ವಿಟಾನ್ ಎಂದು ಹೇಳಿ ನೈಟ್ರೈಲ್ ಕೊಟ್ಟರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಎರಡೂ ಕಪ್ಪು. ತಕ್ಕಡಿಗೆ ಗೊತ್ತಾಗುತ್ತದೆ. 3.2×6.4 ಅಳತೆಯ ಒಂದು ಮೀಟರ್ ಪೈಪ್ ವಿಟಾನ್ ಆಗಿದ್ದರೆ ಸುಮಾರು 45 ಗ್ರಾಂ ತೂಗುತ್ತದೆ, ನೈಟ್ರೈಲ್ ಆದರೆ 30 ಗ್ರಾಂ ಆಸುಪಾಸು. ದುಡ್ಡು ಕೊಡುವ ಮುಂಚೆ ತೂಗಿಸಿ ನೋಡಿ.

ಪ್ರಶ್ನೆ: ಹೊಸ ಪೈಪ್ ಹಾಕಿಸಿದ್ದೇವೆ. ಸ್ಟಾರ್ಟ್ ಆಗುತ್ತದೆ, ಸ್ಲೋದಲ್ಲಿ ಚೆನ್ನಾಗಿ ಓಡುತ್ತದೆ. ಮರಕ್ಕೆ ಹಚ್ಚಿ ಐದು ನಿಮಿಷಕ್ಕೆ ಸಾಯುತ್ತದೆ. ಮೆಕ್ಯಾನಿಕ್ ಕಾರ್ಬೊರೇಟರ್ ಬದಲಿಸಿ ಅನ್ನುತ್ತಿದ್ದಾರೆ. — ಶಿರಸಿ

ಕಾರ್ಬೊರೇಟರ್‌ಗೆ ಈಗಲೇ ಕೈಹಾಕಬೇಡಿ. ಇದಕ್ಕೆ ಮೂರು ಕಾರಣ ಇರಬಹುದು, ಮೂರನ್ನೂ ಖರ್ಚಿಲ್ಲದೆ ಬೇರ್ಪಡಿಸಬಹುದು.

ಯಂತ್ರ ಸಾಯತೊಡಗಿದಾಗ ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲಿಸಿ. 'ಸುಸ್' ಎಂದು ಗಾಳಿ ಒಳಗೆ ಹೋಗಿ ಯಂತ್ರ ಚೇತರಿಸಿಕೊಂಡರೆ ಪೈಪ್ ತಪ್ಪಲ್ಲ, ಟ್ಯಾಂಕಿನ ಗಾಳಿಕಿಂಡಿ ಕಟ್ಟಿಕೊಂಡಿದೆ. ಪೆಟ್ರೋಲ್ ಖಾಲಿಯಾದಷ್ಟೂ ಗಾಳಿ ಒಳಬರಬೇಕು. ಬಾರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಹುಟ್ಟಿ ಪಂಪ್ ಸೋಲುತ್ತದೆ. ಮರದ ಪುಡಿ, ಎಣ್ಣೆ ಸೇರಿದ ಕೊಳೆ ತೆಗೆದರೆ ಆಯಿತು.

ಮುಚ್ಚಳ ಸಡಿಲಿಸಿದರೂ ಫಲವಿಲ್ಲದಿದ್ದರೆ ಪೈಪ್ ಚಪ್ಪಟೆಯಾಗುತ್ತಿರಬಹುದು. ಬಿಸಿಯಾದ ಮೆದು ಪೈಪ್, ಅದರಲ್ಲೂ ತೆಳು ಗೋಡೆಯ 3.2×4.8ರದು, ಫುಲ್ ಆಕ್ಸಿಲರೇಟರ್‌ನಲ್ಲಿ ಒಳಕ್ಕೆ ಕುಸಿಯುತ್ತದೆ. ಪೈಪ್ ತೆಗೆದು ಒಂದು ತುದಿಗೆ ಬೋಲ್ಟ್ ಸಿಕ್ಕಿಸಿ, ಇನ್ನೊಂದಕ್ಕೆ ಸೂಜಿ ಇಲ್ಲದ ಸಿರಿಂಜ್ ಹಾಕಿ ಎಳೆಯಿರಿ. ಕುಸಿದರೆ ದಪ್ಪ ಗೋಡೆಯದನ್ನು ತನ್ನಿ. ತಿರುವಿನಲ್ಲಿ ಮಾತ್ರ ಮಡಚುತ್ತಿದ್ದರೆ ಆ ಜಾಗದ ಒಳಗೆ ಸಣ್ಣ ಸ್ಟೇನ್‌ಲೆಸ್ ಸ್ಪ್ರಿಂಗ್ ತೂರಿಸಿದರೆ ಸಾಕು.

ಮೂರನೆಯದು ಗಾಳಿ ಎಳೆಯುವುದು. ಟ್ಯಾಂಕ್ ತುಂಬಿದಾಗ ಚೆನ್ನಾಗಿ ಓಡಿ ಅರ್ಧಕ್ಕೆ ಇಳಿದ ಮೇಲೆ ತೊಂದರೆ ಕೊಟ್ಟರೆ ಟ್ಯಾಂಕಿನ ಒಳಗಿನ ಪೈಪಿನಲ್ಲಿ ಬಿರುಕಿದೆ. ಬಿರುಕು ಪೆಟ್ರೋಲಿನಲ್ಲಿ ಮುಳುಗಿರುವಷ್ಟು ಹೊತ್ತು ಪೆಟ್ರೋಲ್ ಎಳೆಯುತ್ತದೆ, ಮೇಲೆ ಬಂದೊಡನೆ ಗಾಳಿ ಎಳೆಯುತ್ತದೆ. ಸಾಯುವ ಮುಂಚೆ ಯಂತ್ರದ ವೇಗ ತಾನಾಗಿ ಏರುವುದು ಇದರ ಇನ್ನೊಂದು ಗುರುತು.

ಗಾಳಿ ಎಳೆಯುತ್ತಿರುವ ಯಂತ್ರಕ್ಕೆ ಕಾರ್ಬೊರೇಟರ್ ಸ್ಕ್ರೂ ತಿರುಗಿಸಿ ಪೆಟ್ರೋಲ್ ಹೆಚ್ಚಿಸುವ ಅಭ್ಯಾಸ ದಯವಿಟ್ಟು ಬಿಡಿ. ಟೂ-ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಹೋಗುವುದು ಪೆಟ್ರೋಲ್ ಜೊತೆಯಲ್ಲೇ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಬಿಸಿಯೂ ಜಾಸ್ತಿ. ಮೊದಲು ಸೈಲೆನ್ಸರ್ ಕಡೆಯ ಪಿಸ್ಟನ್ ಮೈ ಗೀರುತ್ತದೆ, ಆಮೇಲೆ ಪಿಸ್ಟನ್ ಸಿಕ್ಕಿಕೊಂಡು ಸೀಝ್. ಹಳೆಯ ಮಾಡೆಲ್‌ಗೆ ಪಿಸ್ಟನ್, ಸಿಲಿಂಡರ್ ಹುಡುಕುವುದು ಪೈಪ್ ಹುಡುಕಿದಷ್ಟು ಸುಲಭವಲ್ಲ.

ಪ್ರಶ್ನೆ: ನಮ್ಮ ಹಳೆಯ ಚೈನ್‌ಸಾದ ಪೈಪ್ ನೇರವಾದುದಲ್ಲ. ಮಧ್ಯದಲ್ಲಿ ರಬ್ಬರಿನದೇ ದಪ್ಪ ಕಾಲರ್ ಇದೆ, ಅದು ಟ್ಯಾಂಕಿನ ಗೋಡೆಯಲ್ಲಿ ಕೂರುತ್ತದೆ. ಎಲ್ಲೂ ಸಿಗುತ್ತಿಲ್ಲ. ಮಾಡಿಸಿಕೊಳ್ಳಬಹುದೇ? — ಸೋಮವಾರಪೇಟೆ

ಮಾಡಿಸಬಹುದು. ಮಾಡಿಸುವ ಮೊದಲು ಒಂದು ಮಾತು. ಸ್ಟಿಲ್ 024, 026, 034, 036ರಂಥ ಮಾಡೆಲ್‌ಗಳದ್ದೂ ಇದೇ ಬಗೆಯ ಅಚ್ಚು ಪೈಪ್, ಅವುಗಳಿಗೆ ಹೊರ ಕಂಪನಿಗಳ ಪೈಪ್ ಈಗಲೂ ಸಿಗುತ್ತದೆ. ನಿಮ್ಮ ಟ್ಯಾಂಕಿನ ರಂಧ್ರದ ವ್ಯಾಸ, ಗೋಡೆಯ ದಪ್ಪ ಬರೆದುಕೊಂಡು ಅಂಗಡಿಗೆ ಹೋಗಿ, ಯಾವ ಮಾಡೆಲ್‌ನದಾದರೂ ಕಾಲರ್‌ನ ಸುತ್ತಲಿನ ತೋಡು (ಗ್ರೂವ್) ಹೊಂದುತ್ತದೆಯೇ ನೋಡಿ. ತೋಡಿನ ವ್ಯಾಸ ರಂಧ್ರದಷ್ಟೇ ಅಥವಾ ಅರ್ಧ ಮಿ.ಮೀ. ಹೆಚ್ಚಿರಬೇಕು, ತೋಡಿನ ಅಗಲ ಗೋಡೆಯ ದಪ್ಪಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರಬೇಕು. ಕಾಲರ್ ಹೊಂದಿದರೆ ಗೆದ್ದಂತೆ. ಕಾರ್ಬೊರೇಟರ್ ಕಡೆಯ ಉದ್ದ ಸಾಲದಿದ್ದರೆ ಹಿತ್ತಾಳೆ ಜಾಯಿಂಟ್ ಹಾಕಿ ಉದ್ದ ಮಾಡಬಹುದು. ಬ್ರಷ್ ಕಟರ್ ಟ್ಯಾಂಕಿನ ರಬ್ಬರ್ ಬುಷ್ ಕೂಡ ಕೆಲವು ರಂಧ್ರಗಳಿಗೆ ಕೂರುತ್ತದೆ. ಅದರಲ್ಲಿ ಎರಡು ತೂತು ಇದ್ದರೆ ಬೇಡದ್ದಕ್ಕೆ ನೈಲಾನ್ ಕಡ್ಡಿ ಬಿಗಿಯಾಗಿ ತೂರಿಸಿ ಮುಚ್ಚಿ.

ಯಾವುದೂ ಹೊಂದದಿದ್ದರೆ ನಮ್ಮ ಮೊದಲ ಆಯ್ಕೆ ಲೇತ್‌ನಲ್ಲಿ ಮಾಡಿಸುವ ಹಿತ್ತಾಳೆ ನಿಪ್ಪಲ್. ರಬ್ಬರಿಗಿಂತ ಲೋಹವನ್ನು ನಂಬಬಹುದು, ಊರಿನ ಯಾವ ಲೇತ್ ಅಂಗಡಿಯಲ್ಲಾದರೂ ಆಗುವ ಕೆಲಸ. 10 ಮಿ.ಮೀ. ರಂಧ್ರ, 4 ಮಿ.ಮೀ. ಗೋಡೆ ಎಂದಿಟ್ಟುಕೊಂಡು ಅಳತೆ ಕೊಡುತ್ತೇವೆ, ನಿಮ್ಮದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ನಡುವೆ 14 ಮಿ.ಮೀ. ವ್ಯಾಸದ, 2 ಮಿ.ಮೀ. ದಪ್ಪದ ಚಕ್ರ. ಅದರ ಒಂದು ಬದಿಗೆ ಎಂ10×1 ಮರೆ (ಥ್ರೆಡ್) ಕೊರೆದ 12 ಮಿ.ಮೀ. ಉದ್ದದ ಕಾಂಡ: ಗೋಡೆಗೆ 4, ಎರಡು ವಾಷರ್‌ಗೆ 3, ನಟ್‌ಗೆ 4, ಉಳಿದ 1 ಮಿ.ಮೀ. ಹೊರಗೆ. ಎರಡೂ ತುದಿಯಲ್ಲಿ 4 ಮಿ.ಮೀ. ಹೊರ ವ್ಯಾಸದ, 10 ಮಿ.ಮೀ. ಉದ್ದದ ಮೂತಿ, ಒಂದೊಂದು ಮೂತಿಗೂ ಒಂದು ಏಣು. ಉದ್ದಕ್ಕೂ 2.5 ಮಿ.ಮೀ. ರಂಧ್ರ. ಏಣಿನ ಅಂಚು ಬ್ಲೇಡಿನಂತೆ ಹರಿತವಾಗಿದ್ದರೆ ಪೈಪಿನ ಒಳಮೈ ಸೀಳುತ್ತದೆ. ಸಣ್ಣ ಎಮರಿ ಕಾಗದದಿಂದ ಉಜ್ಜಿ ಮೊಂಡು ಮಾಡಿಸಿ. ಕಾಂಡದ ತುದಿಯಲ್ಲಿ ಎದುರುಬದುರು ಎರಡು ಚಪ್ಪಟೆ ಮುಖ ಫೈಲ್ ಮಾಡಿಸಿ, ನಟ್ ಬಿಗಿಯುವಾಗ ಸ್ಪ್ಯಾನರ್‌ನಲ್ಲಿ ಹಿಡಿಯುವುದಕ್ಕೆ.

ಚಕ್ರ ಟ್ಯಾಂಕಿನ ಒಳಗಿರಬೇಕು, ನಟ್ ಹೊರಗೆ. ಒಳಗೆ ಕೈ ಹೋಗುವುದಿಲ್ಲವಲ್ಲ? ತೆಳು ತಂತಿಯನ್ನು ರಂಧ್ರದಿಂದ ಒಳಗೆ ಬಿಟ್ಟು ಟ್ಯಾಂಕಿನ ಬಾಯಿಯಿಂದ ಹೊರತೆಗೆಯಿರಿ. ನಿಪ್ಪಲ್‌ನ ರಂಧ್ರದೊಳಗೆ ಅದನ್ನು ಹಾಯಿಸಿ, ತುದಿಯಲ್ಲಿ ಗಂಟು ಹಾಕಿ. ಒಳ ವಾಷರ್, ಒಳಗಿನ ಪೈಪ್ ತುಂಡು, ಫಿಲ್ಟರ್ ಎಲ್ಲವೂ ಬೇಕಾಗುವುದರಿಂದ ಪೈಪನ್ನು ಗಂಟಿನ ಮೇಲೆಯೇ ನಿಪ್ಪಲ್‌ಗೆ ಹತ್ತಿಸಿಬಿಡಿ. ಆಮೇಲೆ ಗಂಟು ಒಳಗೆ ಉಳಿಯದಂತೆ ತಂತಿಯ ಬಾಲ ಪೈಪಿನಾಚೆ ಬರುವಷ್ಟು ಉದ್ದ ಇರಲಿ, ಫಿಲ್ಟರ್ ಕೊನೆಗೆ ಹಾಕಿ. ಹೊರಗಿನಿಂದ ತಂತಿ ಎಳೆದರೆ ಕಾಂಡ ತಾನಾಗಿ ರಂಧ್ರಕ್ಕೆ ಬಂದು ಕೂರುತ್ತದೆ. ಹೊರ ವಾಷರ್, ನಟ್ ಹಾಕಿ ಬಿಗಿಯಿರಿ. ತಂತಿಯನ್ನು ಬಾಯಿಯ ಕಡೆಯಿಂದ ಎಳೆದು ತೆಗೆದು ಫಿಲ್ಟರ್ ಕೂರಿಸಿ. ವಾಷರ್‌ಗಳು 1.5 ಮಿ.ಮೀ. ನೈಟ್ರೈಲ್ ಹಾಳೆಯವು. ವಾಷರ್ ಅಂಚು ಸ್ವಲ್ಪ ಉಬ್ಬುವಷ್ಟು ಬಿಗಿದರೆ ಸಾಕು, ಪ್ಲಾಸ್ಟಿಕ್ ಟ್ಯಾಂಕಿಗೆ ಅದಕ್ಕಿಂತ ಹೆಚ್ಚು ಬಿಗಿದರೆ ಗೋಡೆ ಸೀಳುತ್ತದೆ.

ರಂಧ್ರ ದೊಡ್ಡದು ಮಾಡಬೇಕಾಗಿ ಬಂದರೆ ಟ್ಯಾಂಕನ್ನು ಸೋಪು ನೀರಿನಿಂದ ಹಲವು ಸಲ ತೊಳೆದು, ಪೂರ್ತಿ ಒಣಗಿಸಿ, ವಾಸನೆ ಹೋದ ಮೇಲೆ ಕೈಯಿಂದ ರೀಮರ್ ತಿರುಗಿಸಿ. ಹಳೆಯ ಯಂತ್ರಗಳ ಲೋಹದ ಟ್ಯಾಂಕ್ ಮೆಗ್ನೀಸಿಯಂನದಾಗಿರಬಹುದು. ಅದರ ಪುಡಿ ಕಿಡಿ ತಾಗಿದರೆ ಉರಿಯುತ್ತದೆ, ನೀರು ಹಾಕಿದರೆ ಇನ್ನೂ ಜೋರಾಗುತ್ತದೆ. ಗ್ರೈಂಡರ್ ಹತ್ತಿರ ಈ ಕೆಲಸ ಬೇಡ.

ಮೂಲದಂತೆಯೇ ರಬ್ಬರ್ ಕಾಲರ್ ಬೇಕೆನ್ನುವವರು ಎರಡು ಭಾಗ ಬೆರೆಸುವ ಪಾಲಿಯುರೆಥೇನ್‌ನಲ್ಲಿ ಎರಕ ಹೊಯ್ಯಬಹುದು. ಗಡಸುತನ ಶೋರ್ ಎ 60ರಿಂದ 70. ಇಡೀ ಪೈಪ್ ಎರಕ ಹೊಯ್ಯುವ ಆಸೆ ಬೇಡ, ಉದ್ದನೆಯ ತೆಳು ಗೋಡೆಯಲ್ಲಿ ಗುಳ್ಳೆ ಉಳಿದೇ ಉಳಿಯುತ್ತದೆ. ಕಾಲರ್ ಮಾತ್ರ ಮಾಡಿ, ನಡುವೆ 6 ಮಿ.ಮೀ. ಕಬ್ಬಿಣದ ಕಡ್ಡಿ ಇಟ್ಟು, ಆಮೇಲೆ 6.4 ಹೊರ ವ್ಯಾಸದ ಪೈಪನ್ನು ಅದರಲ್ಲಿ ಬಿಗಿಯಾಗಿ ತೂರಿಸಿ. ಅಚ್ಚನ್ನು ಲೇತ್‌ನಲ್ಲಿ ಎರಡು ಹೋಳಾಗಿ ಮಾಡಿಸಿ ಮೇಣ ಹಚ್ಚಿ. ಎರಡು ಭಾಗಗಳನ್ನು ಕಣ್ಣಂದಾಜಿನಲ್ಲಿ ಬೆರೆಸಿದರೆ ಕಾಲರ್ ಯಾವತ್ತೂ ಅಂಟಾಗಿಯೇ ಉಳಿಯುತ್ತದೆ, ಡಿಜಿಟಲ್ ತಕ್ಕಡಿ ಬೇಕು. ಒಂದು ದಿನಕ್ಕೆ ಅಚ್ಚಿನಿಂದ ತೆಗೆಯಬಹುದಾದರೂ ಏಳು ದಿನ ಪೆಟ್ರೋಲ್ ತಾಗಿಸಬೇಡಿ. ಉಳಿದ ಚೂರೊಂದನ್ನು ಅಳೆದು, ನೀವು ಬಳಸುವ ಪೆಟ್ರೋಲಿನಲ್ಲೇ ವಾರ ನೆನೆಹಾಕಿ ಮತ್ತೆ ಅಳೆಯಿರಿ. ವ್ಯಾಸ ಶೇ. 5ಕ್ಕಿಂತ ಹೆಚ್ಚು ಬೆಳೆದಿದ್ದರೆ, ಅಂಟಾಗಿದ್ದರೆ, ಒಣಗಿದ ಮೇಲೆ ಗಡುಸಾಗಿದ್ದರೆ ಆ ಕಾಲರ್ ಬಳಸಬೇಡಿ. ಯಾವ ಹೊಸ ಪೈಪಿಗೂ ಈ ಪರೀಕ್ಷೆ ಒಳ್ಳೆಯದು.

ಜೋಡಿಸಿದ ಮೇಲೆ ಪೆಟ್ರೋಲ್ ಹಾಕುವ ಮುಂಚೆ ಒತ್ತಡ ನೋಡಲೇಬೇಕು. ಬೇರೆ ಉಪಕರಣ ಬೇಡ, ಮುಳ್ಳಿನ ಗಡಿಯಾರ ಇರುವ ಹಳೆಯ ಬಿ.ಪಿ. ಮಿಷನ್ ಸಾಕು. ಅದರ 300ರ ಗುರುತು 0.4 ಬಾರ್ ಒತ್ತಡಕ್ಕೆ ಸಮ, ಪೈಪಿಗೆ ಬೇಕಾದ್ದೂ ಅಷ್ಟೇ. ಫಿಲ್ಟರ್ ತೆಗೆದು ಆ ತುದಿಗೆ ಬೋಲ್ಟ್ ಸಿಕ್ಕಿಸಿ, ಕಾರ್ಬೊರೇಟರ್ ತುದಿಗೆ ಬಿ.ಪಿ. ಮಿಷನ್‌ನ ಟ್ಯೂಬ್ ಸೇರಿಸಿ 300ಕ್ಕೆ ಏರಿಸಿ. ಒಂದು ನಿಮಿಷ ಮುಳ್ಳು ಅಲ್ಲಾಡಬಾರದು. ಇಳಿದರೆ ಪ್ರತಿ ಜಾಯಿಂಟ್‌ಗೂ ಸೋಪು ನೀರು ಸವರಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಇದು ಪೈಪನ್ನು ಪರೀಕ್ಷಿಸಿತು, ಕಾಲರ್ ಮತ್ತು ಗೋಡೆಯ ನಡುವಿನ ಸಂದನ್ನಲ್ಲ. ಅದಕ್ಕೆ ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಿ, ಆ ರಂಧ್ರ ಕೆಳಗಾಗುವಂತೆ ಯಂತ್ರವನ್ನು ಬಿಳಿ ಕಾಗದದ ಮೇಲೆ ಒಂದು ಗಂಟೆ ಓರೆಯಾಗಿಡಿ. ಕಾಗದದ ಮೇಲೆ ಕಲೆ ಬೀಳದಿದ್ದರೆ ಸರಿ.

ಸೋರುವ ಕಡೆ ಎಂ-ಸೀಲ್, ಅರಾಲ್ಡೈಟ್, ಸಿಲಿಕೋನ್ ಪೇಸ್ಟ್ ಮೆತ್ತಬೇಡಿ. ಮೊದಲೆರಡು ರಬ್ಬರಿಗೆ ಹಿಡಿಯುವುದಿಲ್ಲ, ಮೂರನೆಯದನ್ನು ಪೆಟ್ರೋಲ್ ಉಬ್ಬಿಸಿ ಎಬ್ಬಿಸುತ್ತದೆ. ಅದರ ಚೂರು ಕಾರ್ಬೊರೇಟರ್ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಕ್ರ್ಯಾಂಕ್‌ಕೇಸಿನಿಂದ ಕಾರ್ಬೊರೇಟರ್ ಕಡೆಗೆ ಇನ್ನೊಂದು ಗಿಡ್ಡ ಪೈಪ್ ಇದೆ. ಅದಕ್ಕೂ ಇದೇ ಪೈಪ್ ಹಾಕಬಹುದೇ? — ಮೂಡಿಗೆರೆ

ಅದು ಇಂಪಲ್ಸ್ ಪೈಪ್. ಅದರಲ್ಲಿ ಪೆಟ್ರೋಲ್ ಹರಿಯುವುದಿಲ್ಲ. ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತ ಅದರ ಮೂಲಕ ಹೋಗಿ ಪಂಪ್ ಡಯಾಫ್ರಾಮನ್ನು ಆಡಿಸುತ್ತದೆ. ಮೆದು ಪೈಪ್ ಹಾಕಿದರೆ ಆ ಏರಿಳಿತ ಪೈಪಿನ ಗೋಡೆಯಲ್ಲೇ ಕರಗುತ್ತದೆ. ದಪ್ಪ ಗೋಡೆಯ ಗಟ್ಟಿ ನೈಟ್ರೈಲ್, ಆದಷ್ಟು ಗಿಡ್ಡ. ಇದು ಬಿರುಕು ಬಿಟ್ಟರೆ ಎಂಜಿನ್ನೇ ನೇರವಾಗಿ ಗಾಳಿ ಎಳೆಯುತ್ತದೆ, ಆದ್ದರಿಂದ ಪೆಟ್ರೋಲ್ ಪೈಪ್ ಜೊತೆಗೆ ಇದನ್ನೂ ಬದಲಿಸಿ.

ಪ್ರಶ್ನೆ: ಸಿಲಿಕೋನ್ ಪೈಪ್, ಅಕ್ವೇರಿಯಂ ಪೈಪ್, ಸೈಕಲ್ ವಾಲ್ ಟ್ಯೂಬ್ — ತಾತ್ಕಾಲಿಕಕ್ಕೆ ಯಾವುದಾದರೂ? — ತೀರ್ಥಹಳ್ಳಿ

ಯಾವುದೂ ಬೇಡ. ಸಿಲಿಕೋನ್ ಮತ್ತು ವಾಲ್ ಟ್ಯೂಬ್ ಪೆಟ್ರೋಲಿನಲ್ಲಿ ಉಬ್ಬಿ ನಿಪ್ಪಲ್‌ನಿಂದ ಕಳಚುತ್ತವೆ. ಅಕ್ವೇರಿಯಂ ಪೈಪಿನ ಮೆದುಕಾರಕವನ್ನು ಪೆಟ್ರೋಲ್ ಹೀರಿ ತೆಗೆದು ಅದನ್ನು ಕಡ್ಡಿಯಂತೆ ಮಾಡುತ್ತದೆ.

ಪ್ರಶ್ನೆ: ಈಗಿನ ಇ20 ಪೆಟ್ರೋಲಿನಿಂದ ಹಳೆಯ ಪೈಪ್ ಬೇಗ ಹಾಳಾಗುತ್ತದೆ ಎನ್ನುವುದು ನಿಜವೇ? — ಸಕಲೇಶಪುರ

ನಿಜ. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಈಗ ಎಲ್ಲೆಡೆ ಅದೇ. 1960–80ರ ದಶಕದ ರಬ್ಬರ್ ಇದನ್ನು ಗಮನದಲ್ಲಿಟ್ಟುಕೊಂಡು ಮಾಡಿದ್ದಲ್ಲ. ಪೈಪಿಗಿಂತ ದೊಡ್ಡ ತೊಂದರೆ ನೀರಿನದು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಹೆಚ್ಚಾದಾಗ ನೀರು ಮತ್ತು ಎಥನಾಲ್ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಆಯಿಲ್ ಮೇಲೆ ಪೆಟ್ರೋಲ್ ಜೊತೆ ಉಳಿಯುತ್ತದೆ, ಫಿಲ್ಟರ್ ಇರುವುದು ತಳದಲ್ಲಿ. ಆಗ ಎಂಜಿನ್‌ಗೆ ಹೋಗುವುದು ಆಯಿಲ್ ಇಲ್ಲದ ದ್ರವ.

ಮಲೆನಾಡಿನ ಮಳೆಗಾಲದಲ್ಲಿ ಯಂತ್ರ ತಿಂಗಳುಗಟ್ಟಲೆ ಮೂಲೆ ಸೇರುತ್ತದೆ. ಮಳೆ ಹಿಡಿಯುವ ಮುಂಚೆ ಟ್ಯಾಂಕ್ ಬಸಿದು, ಯಂತ್ರ ಸ್ಟಾರ್ಟ್ ಮಾಡಿ ಸ್ಲೋದಲ್ಲಿ ತಾನಾಗಿ ನಿಲ್ಲುವವರೆಗೆ ಓಡಿಸಿ. ಪೆಟ್ರೋಲ್, ಆಯಿಲ್ ಎರಡು ಮೂರು ವಾರಕ್ಕೆ ಆಗುವಷ್ಟನ್ನೇ ಬೆರೆಸಿ. 1:25 ಬೇಕಾದ ಯಂತ್ರಕ್ಕೆ ಲೀಟರಿಗೆ 40 ಮಿ.ಲೀ., 1:50ಕ್ಕೆ 20 ಮಿ.ಲೀ. ಹಳೆಯ ಯಂತ್ರಕ್ಕೆ ಅದರ ಕೈಪಿಡಿಯಲ್ಲಿರುವ ಪ್ರಮಾಣವನ್ನೇ ನಂಬಿ.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಊರಿಗೆ ಬರುವಾಗ ಅಣ್ಣನ ಚೈನ್‌ಸಾಗೆ ಪೈಪ್ ತರಬೇಕು. ಏನೆಂದು ಕೇಳಲಿ? — ಮಿಶಿಗನ್

ಅಣ್ಣನವರಿಂದ ನಿಪ್ಪಲ್ ಮತ್ತು ರಂಧ್ರದ ಅಳತೆ ಮಿ.ಮೀ.ನಲ್ಲಿ ತರಿಸಿಕೊಳ್ಳಿ, 25.4ರಿಂದ ಭಾಗಿಸಿದರೆ ಇಂಚು ಬರುತ್ತದೆ. 3.2×6.4 ಎಂದರೆ ಅಲ್ಲಿ ಎಂಟನೇ ಒಂದು, ಕಾಲು ಇಂಚು. ಟೈಗಾನ್‌ನಲ್ಲಿ ಎಫ್-4040-ಎ ಎಂದು ಕೇಳಿ, ಪೆಟ್ರೋಲಿಗೆಂದೇ ಮಾಡಿದ್ದು ಅದು. ಅದೇ ಹೆಸರಿನಲ್ಲಿ ಬರುವ ಪ್ರಯೋಗಾಲಯದ ಬಣ್ಣವಿಲ್ಲದ ಪಾರದರ್ಶಕ ಪೈಪ್ ಬೇರೆ. ಮಾಡೆಲ್ ಗೊತ್ತಿದ್ದರೆ ಅಚ್ಚು ಪೈಪನ್ನೇ ಹುಡುಕಿ, ಎರಡು ತನ್ನಿ. ಪೊಟ್ಟಣ ಒಡೆಯದ ಹೊಸ ಪೈಪಿಗೆ ವಿಮಾನದಲ್ಲಿ ತೊಂದರೆ ಇಲ್ಲ. ಬಳಸಿದ ಕಾರ್ಬೊರೇಟರ್, ಟ್ಯಾಂಕ್, ಪೆಟ್ರೋಲ್ ವಾಸನೆ ಬರುವ ಯಾವ ಭಾಗವನ್ನೂ ಬ್ಯಾಗಿನಲ್ಲಿ ಇಡಬೇಡಿ, ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಕಾರ್ಬೊರೇಟರ್‌ನ ಡಯಾಫ್ರಾಮ್ ಕಿಟ್ ಚಿಕ್ಕ ಪೊಟ್ಟಣ. ಕಾರ್ಬೊರೇಟರ್ ಮೈಮೇಲೆ ಟಿಲಟ್ಸನ್, ವಾಲ್ಬ್ರೋ ಅಥವಾ ಝಾಮಾ ಎಂಬ ಹೆಸರೂ ಮಾಡೆಲ್ ಅಕ್ಷರಗಳೂ ಒತ್ತಿರುತ್ತವೆ. ಅದರ ಫೋಟೊ ತರಿಸಿಕೊಂಡು ಕಿಟ್ ಅನ್ನೂ ಜೊತೆಗೆ ತನ್ನಿ. ಪೈಪ್ ಅಂಟಾಗುವಷ್ಟು ಹಳೆಯದಾಗಿದ್ದರೆ ಡಯಾಫ್ರಾಮ್ ಕೂಡ ಅಷ್ಟರಲ್ಲಿ ಗಡುಸಾಗಿರುತ್ತದೆ.